ಬ್ರಿಗೇಡ್ ಯಾಕೆ ಅವಸರ ಮಾಡಲ್ಲ: ಮಗಳಿಗೊಂದು ಪತ್ರ

ಪುಟ್ಟಿ,

1959ರ ವೆಸ್ಟರ್ನ್ (ಕೌಬಾಯ್ ಸಿನಿಮಾ) 'ರೈಡ್ ಲೋನ್‌ಸಮ್' ನೋಡಿ "ಏನಪ್ಪಾ ಇದು, ಇರೋ 73 ನಿಮಿಷದಲ್ಲಿ ಅರ್ಧ ಬರೀ ಕುದುರೆ ಮೇಲೆ ಹೋಗೋದೇ ಆಯ್ತಲ್ಲ" ಅಂತ ಕೇಳಿದ್ದೀಯ. ನಿಜ, ಹೋಗೋದೇ ಆಯ್ತು. ಆದರೆ ಎಲ್ಲಿ ಹೋಗ್ತಾರೆ, ಎಷ್ಟು ನಿಧಾನ ಹೋಗ್ತಾರೆ ಅನ್ನೋದರಲ್ಲೇ ಕಥೆ ಇರೋದು. ಕಿರುಚಿತ್ರ ಬರೆಯೋಕೆ ಕೂತಿದ್ದೀಯಲ್ಲ, ಅದಕ್ಕೇ ಇನ್ನೊಂದು ಸಲ ನೋಡು ಅಂತಿದ್ದೀನಿ.

ಅದಕ್ಕೆ ಮೊದಲು ಟಿವಿ ಸರಿಮಾಡಿಕೋ. ಇದು ಸಿನಿಮಾಸ್ಕೋಪ್ ಚಿತ್ರ, ಅಗಲ ಎತ್ತರದ 2.35 ಪಟ್ಟು. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ ಅಂತ 'ಜೂಮ್' ಒತ್ತಿದರೆ ಚಿತ್ರದ ಕಾಲು ಭಾಗ ಹೊರಗೆ ಹೋಯ್ತು ಅಂತಲೇ ಲೆಕ್ಕ. ನಿರ್ದೇಶಕ ಬಡ್ ಬೆಟಿಕರ್ ನಾಲ್ಕೈದು ಜನರನ್ನ ಒಂದೇ ಫ್ರೇಮಿನಲ್ಲಿ ಹರಡಿ ನಿಲ್ಲಿಸ್ತಾನೆ. ಮಾತಾಡೋನು ಮಧ್ಯದಲ್ಲಿದ್ದರೆ, ಕೇಳಿಸಿಕೊಂಡು ಮುಖ ಬದಲಾಗೋನು ಅಂಚಿನಲ್ಲಿರ್ತಾನೆ. ಆ ಅಂಚೇ ಹೋದರೆ ಉಳಿಯೋದು ಬರೀ ಮಾತು. 'ವಿವಿಡ್' ಮೋಡ್ ಅನ್ನೂ ತೆಗೆದುಹಾಕು. ಆ ಕಾಲದ ವೆಸ್ಟರ್ನ್‌ಗಳಲ್ಲಿ ಎಷ್ಟೋ ರಾತ್ರಿಗಳನ್ನ ಹಗಲಲ್ಲೇ ಶೂಟ್ ಮಾಡಿ, ಬೆಳಕು ತಗ್ಗಿಸಿ ರಾತ್ರಿ ಅನ್ನಿಸ್ತಿದ್ದರು. ಟಿವಿ ಆ ಬೆಳಕನ್ನ ಮತ್ತೆ ಏರಿಸಿದರೆ ನಡುರಾತ್ರಿಯಲ್ಲಿ ಎಲ್ಲರ ನೆರಳೂ ಚೂಪಾಗಿ ನೆಲದ ಮೇಲೆ ಬಿದ್ದಿರುತ್ತೆ.

ಈಗ ಕಥೆಗೆ ಬಾ. ಬೆನ್ ಬ್ರಿಗೇಡ್ (ರ‍್ಯಾಂಡಾಲ್ಫ್ ಸ್ಕಾಟ್) ಕೊಲೆಗಾರ ಬಿಲ್ಲಿ ಜಾನ್‌ನ ಹಿಡಿದು ಸಾಂಟಾ ಕ್ರೂಜ್‌ಗೆ ಕರೆದೊಯ್ತಿದ್ದಾನೆ. ತಮ್ಮನನ್ನ ಬಿಡಿಸೋಕೆ ಫ್ರ್ಯಾಂಕ್ ಬೆನ್ನು ಹತ್ತಿದ್ದಾನೆ. ಬೆನ್ನ ಹಿಂದೆ ಶತ್ರು ಇದ್ದಾನೆ ಅಂತ ಗೊತ್ತಿದ್ದವನು ಏನು ಮಾಡಬೇಕು? ಬಂಡೆಗಳ ಮರೆ ಹಿಡೀಬೇಕು, ಕುದುರೆ ಓಡಿಸಬೇಕು. ಬ್ರಿಗೇಡ್ ಎರಡೂ ಮಾಡಲ್ಲ. ಬಯಲಲ್ಲಿ, ಎಲ್ಲರಿಗೂ ಕಾಣೋ ಹಾಗೆ, ನಿಧಾನಕ್ಕೆ ಹೋಗ್ತಾನೆ. ಬಿಲ್ಲಿ ಬರೀ ಗಾಳದ ಎರೆಹುಳ; ಬ್ರಿಗೇಡ್‌ಗೆ ಬೇಕಾದ ಮೀನು ಫ್ರ್ಯಾಂಕ್. ಇದನ್ನ ಮೊದಲು ಗುರುತಿಸೋದು ಜೊತೆಗೆ ಬರ್ತಿರೋ ಬೂನ್. ನಾವು ಅಷ್ಟು ಹೊತ್ತಿಂದ ಅದನ್ನೇ ನೋಡ್ತಿದ್ದರೂ ನಮಗೆ ಕಂಡಿರಲ್ಲ.

ನಿನ್ನ ಸ್ಕ್ರಿಪ್ಟಿಗೆ ಬೇಕಾದ ಪಾಠ ಅಲ್ಲಿದೆ. ಇದರ ಚಿತ್ರಕಥೆ ಬರೆದ ಬರ್ಟ್ ಕೆನಡಿ ಎರಡನೇ ದೃಶ್ಯದಲ್ಲೇ ಯಾರ ಬಾಯಲ್ಲಾದರೂ "ಅವನು ಅಣ್ಣನಿಗೆ ಕಾಯ್ತಿದ್ದಾನೆ" ಅನ್ನಿಸಿಬಿಟ್ಟಿದ್ದರೆ ಆಮೇಲಿನ ಪ್ರಯಾಣವೆಲ್ಲ ಬರೀ ಹೊತ್ತು ಕಳೆಯೋದಾಗ್ತಿತ್ತು. ಒಂದು ಕೆಲಸ ಮಾಡು: ಎರಡನೇ ಸಲ ನೋಡುವಾಗ ಹಾಳೆ ಇಟ್ಕೊಂಡು, ಪ್ರತಿ ದೃಶ್ಯಕ್ಕೂ ಎರಡೇ ಸಂಗತಿ ಬರಿ. ಜಾಗ ಬಯಲೋ ಮರೆಯೋ? ಹೊರಡೋಣ ಅಂದವರು ಯಾರು, ಇಲ್ಲೇ ತಂಗೋಣ ಅಂದವರು ಯಾರು? ಬ್ರಿಗೇಡ್ ಬಾಯಿ ಬಿಡದೆ ಇದ್ದರೂ ಅವನ ಲೆಕ್ಕಾಚಾರ ನಿನ್ನ ಹಾಳೆ ಮೇಲೆ ಬಂದಿರುತ್ತೆ.

ಫ್ರ್ಯಾಂಕ್ ಪಾತ್ರದ ಲೀ ವ್ಯಾನ್ ಕ್ಲೀಫ್ ಇರೋದು ಕೆಲವೇ ದೃಶ್ಯಗಳಲ್ಲಿ. ಬ್ರಿಗೇಡ್‌ಗೆ ಯಾಕೆ ತನ್ನ ಮೇಲೆ ಕಣ್ಣು ಅಂತ ಹೊಳೆದಾಗ, ಬಹಳ ಹಿಂದೆ ಅವನಿಗೆ ಒಂದು ನೋವು ಮಾಡಿದ್ದೆ, ಹೆಚ್ಚುಕಡಿಮೆ ಮರೆತೇ ಹೋಗಿತ್ತು ಅಂತಾನೆ. ಆ ನೋವು ಅಂದರೆ ಬ್ರಿಗೇಡ್‌ನ ಹೆಂಡತಿಯನ್ನ ಮರಕ್ಕೆ ನೇಣು ಹಾಕಿದ್ದು! ಅಬ್ಬರಿಸೋ ವಿಲನ್‌ಗಿಂತ ಈ ಮರೆವೇ ಹೆಚ್ಚು ಭಯ ಹುಟ್ಟಿಸುತ್ತೆ.

ಬೂನ್ ಮತ್ತು ಅವನ ಜೊತೆಗಾರ ವಿಟ್‌ನ ಬಿಡಬೇಡ. ಬಿಲ್ಲಿಯನ್ನ ಒಪ್ಪಿಸಿದವರಿಗೆ ಕ್ಷಮಾದಾನ ಸಿಗುತ್ತೆ, ಕಳ್ಳತನ ಬಿಟ್ಟು ಬೇಸಾಯ ಮಾಡ್ಕೊಂಡಿರೋಣ ಅನ್ನೋದಷ್ಟೇ ಅವರ ಆಸೆ. ನಿನ್ನನ್ನ ಪಾಲುದಾರ ಮಾಡ್ಕೋತೀನಿ ಅಂತ ಬೂನ್ ಹೇಳಿದಾಗ ವಿಟ್‌ಗೆ ನಂಬಿಕೆಯೇ ಬರಲ್ಲ. ನೀನಂದ್ರೆ ನನಗಿಷ್ಟ ಅಂದಾಗ ಪೆದ್ದುಪೆದ್ದಾಗಿ ನೋಡ್ತಾನಲ್ಲ, ಅವನೇ ಜೇಮ್ಸ್ ಕೋಬರ್ನ್, ಅವನ ಮೊದಲ ಸಿನಿಮಾ. ನಾಯಕನಿಗೆ ಅಡ್ಡ ನಿಂತವರನ್ನ ಹೀಗೆ ಪ್ರೀತಿಯಿಂದ ಬರೆದಿರೋದರಿಂದಲೇ ಕೊನೆಯಲ್ಲಿ ಬೂನ್ ಮತ್ತು ಬ್ರಿಗೇಡ್ ಎದುರುಬದುರಾದಾಗ ಯಾರೂ ಸಾಯೋದು ಬೇಡ ಅನ್ನಿಸೋದು.

ಕುಂದು ಇಲ್ಲವೇ? ಇದೆ. ಮೆಸ್ಕಲೆರೊಗಳಿಗೆ (ಅಪಾಚೆ ಮೂಲನಿವಾಸಿಗಳ ಒಂದು ಪಂಗಡ) ಇಲ್ಲಿ ಹೆಸರಿಲ್ಲ, ಮನೆಯಿಲ್ಲ, ಬರೀ ಬೆದರಿಕೆಯಾಗಿ ಗುಡ್ಡದ ಮೇಲೆ ನಿಂತಿರ್ತಾರೆ. ಇವರ ಜೊತೆ ಪ್ರಯಾಣ ಮಾಡೋ ಹೆಂಗಸು ಕ್ಯಾರಿಯ ತಲೆಗೂದಲು ಅಷ್ಟು ಧೂಳಲ್ಲೂ ಕೆದರಲ್ಲ. ಆದರೂ ಮೆಸ್ಕಲೆರೊಗಳು ಅವಳ ಗಂಡನ ಕುದುರೆಯನ್ನೇ ತಂದು ಅವಳಿಗೆ ಬೆಲೆ ಕಟ್ಟೋ ದೃಶ್ಯ ಇನ್ನೊಮ್ಮೆ ನೋಡು. ಗಂಡ ಸತ್ತ ಅಂತ ಯಾರೂ ಹೇಳಲ್ಲ, ಆ ಕುದುರೆ ಕಂಡರೆ ಸಾಕು.

ಇಷ್ಟಿದ್ದೂ ಹೆಸರು ಬರಲಿಲ್ಲ. ಅದೇ 1959ರಲ್ಲಿ ಬಂದ 'ರಿಯೊ ಬ್ರಾವೊ' 141 ನಿಮಿಷದ್ದು, ಜಾನ್ ವೇನ್ ಬೇರೆ. ಇದು ಕಡಿಮೆ ಖರ್ಚಿನ, ಅರವತ್ತು ತುಂಬಿದ್ದ ನಟನ ಸಿನಿಮಾ. ಲೋನ್ ಪೈನ್ ಊರಿನ ಹತ್ತಿರದ ಅಲಬಾಮಾ ಹಿಲ್ಸ್ ಬಂಡೆಗಳೇ ಇದರ ಸೆಟ್. (ಹೆಸರು ಅಲಬಾಮಾ, ಇರೋದು ಕ್ಯಾಲಿಫೋರ್ನಿಯಾದಲ್ಲಿ!) ಬೆಟಿಕರ್-ಸ್ಕಾಟ್ ಜೋಡಿಯ ಬೆಲೆಯನ್ನ ಬೇಗ ಗುರುತಿಸಿದವನು ಫ್ರಾನ್ಸಿನ ವಿಮರ್ಶಕ ಆಂದ್ರೆ ಬಜಾನ್, ಇವರ ಮೊದಲ ಚಿತ್ರ 'ಸೆವೆನ್ ಮೆನ್ ಫ್ರಮ್ ನೌ' ಬಗ್ಗೆ 1957ರಲ್ಲೇ ಬರೆದ.

ಮುಂದೆ ಅದನ್ನೇ ನೋಡು, ಆಮೇಲೆ 'ದಿ ಟಾಲ್ ಟಿ', ಕೊನೆಗೆ 'ಕಮಾಂಚಿ ಸ್ಟೇಷನ್'. ಮೂರೂ ಕೆನಡಿ ಬರೆದವು. 'ವೆಸ್ಟ್‌ಬೌಂಡ್' ಸದ್ಯಕ್ಕೆ ಪಕ್ಕಕ್ಕಿಡು. ಬೆಟಿಕರ್, ಸ್ಕಾಟ್ ಇಬ್ಬರೂ ಇದ್ದಾರೆ, ಆದರೆ ಕೆನಡಿ ಇಲ್ಲ, ಅದು ಗೊತ್ತಾಗುತ್ತೆ.

ನಿನ್ನ
ಅಪ್ಪ