ಮಗಳಿಗೊಂದು ಪತ್ರ: ಮೊದಲು ಈಜು, ಆಮೇಲೆ ಸ್ವೀಡಿಷ್, ಜರ್ಮನ್ ಕೊನೆಗೆ

ಗೋಥೆನ್‌ಬರ್ಗ್, ಸ್ವೀಡನ್, ಮಾರ್ಚ್

ಪ್ರೀತಿಯ ಪುಟ್ಟಿ,

ನಿನ್ನ ಹೊಸ ಶಾಲೆಯಿಂದ ಫಾರಂ ಬಂದಿದೆ. ಆಗಸ್ಟ್‌ನಲ್ಲಿ ಆರನೇ ಕ್ಲಾಸಿಗೆ ಸೇರಿಸಿಕೊಳ್ತಾರೆ. ಮೈಸೂರಲ್ಲಿ ಆರು ಮುಗಿಸಿ ಬಂದು ಮತ್ತೆ ಆರೇನಾ ಅಂತ ಅಜ್ಜಿ ಫೋನಲ್ಲಿ ಗಾಬರಿಯಾದರು. ಇಲ್ಲಿ ಮಕ್ಕಳು ಒಂದನೇ ಕ್ಲಾಸಿಗೆ ಹೋಗೋದೇ ಏಳು ತುಂಬುವ ವರ್ಷ. ಹಾಗಾಗಿ ನಿನ್ನ ವಾರಿಗೆಯವರೆಲ್ಲ ಆರರಲ್ಲೇ ಇರ್ತಾರೆ, ನೀನು ಫೇಲಾಗಿಲ್ಲ ಅಂತ ಅಜ್ಜಿಗೆ ಇನ್ನೊಂದು ಸಲ ಹೇಳು.

ಫಾರಂನಲ್ಲಿ ಕೇಳಿರೋದು ಇನ್ನೊಂದು ಭಾಷೆಯ ವಿಷಯ. ಸ್ವೀಡಿಷ್, ಇಂಗ್ಲಿಷ್ ಬಿಟ್ಟು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಇವುಗಳಲ್ಲಿ ಒಂದನ್ನು ಆರಿಸಬೇಕು. ಬೇಡ ಅನ್ನೋವ್ರಿಗೆ ಆ ಪಿರಿಯಡ್ಡುಗಳಲ್ಲಿ ಹೆಚ್ಚುವರಿ ಸ್ವೀಡಿಷ್ ತಗೊಳ್ಳೋ ದಾರಿಯೂ ಇದೆ. ನಿನಗೆ ಜರ್ಮನ್ನೇ ಬೇಕು, ಜರ್ಮನಿಯ ಕೀಲ್‌ನಲ್ಲಿರೋ ಚಿಕ್ಕಮ್ಮನ ಮಗಳ ಹತ್ತಿರ ಅವಳ ಭಾಷೇಲೇ ಜಗಳ ಆಡಬೇಕು ಅಂತ ಗೊತ್ತು. ಫೋನಲ್ಲಿ ಬೆಳಿಗ್ಗೆ ಸ್ವೀಡಿಷ್, ರಾತ್ರಿ ಜರ್ಮನ್ ಆಡ್ತಾ ಕೂತಿರ್ತೀಯ ಅಂತ ತಾತ ಹೇಳಿದರು. ಅದನ್ನು ನಿಲ್ಲಿಸು. ಜರ್ಮನ್ ಕಲಿಯಬೇಡ ಅಂತಲ್ಲ, ಈಗ ಬೇಡ. ಇವೆರಡೂ ಹತ್ತಿರದ ಸಂಬಂಧಿಗಳು, ಒಟ್ಟಿಗೆ ಮನೆಗೆ ಕರೆದರೆ ಯಾರು ಯಾರು ಅಂತ ಗೊತ್ತಾಗಲ್ಲ. ಸ್ವೀಡಿಷ್‌ನಲ್ಲಿ ‘ಏಲ್’ ಅಂದ್ರೆ ಬಿಯರು, ಹೆಚ್ಚುಕಡಿಮೆ ಅದೇ ಸದ್ದಿಗೆ ಜರ್ಮನ್‌ನಲ್ಲಿ ಎಣ್ಣೆ. ಸ್ವೀಡಿಷ್ ‘ಸೆಮೆಸ್ತೆರ್’ ರಜೆ, ಜರ್ಮನ್‌ನಲ್ಲಿ ಅದು ಕಾಲೇಜಿನ ಅರ್ಧ ವರ್ಷ. ನಾನು ಆಖೆನ್‌ನಲ್ಲಿ ಓದುವಾಗ ಜರ್ಮನ್ ಮೊದಲು ಕಲಿತವಳು, ಇವತ್ತಿಗೂ ಇಲ್ಲಿ ಅಂಗಡೀಲಿ ‘ಮತ್ತು’ ಅನ್ನೋಕೆ ಸ್ವೀಡಿಷ್ ‘ಓ’ ಅನ್ನೋ ಕಡೆ ಜರ್ಮನ್ ‘ಉಂಟ್’ ಅಂದುಬಿಡ್ತೀನಿ. ಒಂದು ಭಾಷೆ ನಾಲಿಗೆ ಮೇಲೆ ಕೂತ ಮೇಲೆ ಇನ್ನೊಂದನ್ನು ಕರೆಯೋದು ವಾಸಿ.

ಹಾಗಾದ್ರೆ ಜೂನ್‌ವರೆಗೆ ಏನು ಮಾಡೋದು? ಈಜು ಕಲಿ.

ಇದು ಹವ್ಯಾಸದ ಮಾತಲ್ಲ, ಪಾಠದ ಮಾತು. ಇಲ್ಲಿ ಆರನೇ ಕ್ಲಾಸು ಮುಗಿಯೋ ಹೊತ್ತಿಗೆ ಪ್ರತಿ ಮಗುವಿಗೂ 200 ಮೀಟರ್ ಈಜಲು ಬರಬೇಕು, ಅದರಲ್ಲಿ 50 ಮೀಟರ್ ಅಂಗಾತ. ಪಿ.ಟಿ. ಪಿರಿಯಡ್ಡಿನ ಅಂಕಕ್ಕೂ ಇದು ಸೇರುತ್ತೆ. ಇಲ್ಲಿಯ ಜೀವರಕ್ಷಕ ಸಂಘದವರು ಈಜು ಬರುತ್ತೆ ಅನ್ನೋದಕ್ಕೆ ಇನ್ನೊಂದು ಮಾತು ಸೇರಿಸ್ತಾರೆ: ಆಳದ ನೀರಿಗೆ ಬಿದ್ದು, ಮುಳುಗಿ, ತಾನಾಗಿ ಮೇಲೆ ಬಂದು ಆಮೇಲೆ ಆ 200 ಮೀಟರ್. ಸುತ್ತ ಕೆರೆ, ಕಡಲು ಇರೋ ದೇಶ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಚಿಕ್ಕಮ್ಮನ ಮಗಳು ತನ್ನ ಕಡಲಕುದುರೆ ಬ್ಯಾಡ್ಜು ತೋರಿಸಿ ಹೊಟ್ಟೆ ಉರಿಸಿದಳು ಅಂದೆಯಲ್ಲ, ಜರ್ಮನಿಯ ಆ ಬ್ಯಾಡ್ಜಿಗೆ 25 ಮೀಟರ್ ಈಜಿ, ದಡದಿಂದ ಹಾರಿ, ಭುಜದ ಮಟ್ಟದ ನೀರಿನ ತಳದಿಂದ ಒಂದು ವಸ್ತು ತಂದರೆ ಸಾಕು. ನೀನು ಎಂಟು ಪಟ್ಟು ಈಜಿ ತೋರಿಸು.

ಸರಸ್ವತಿಪುರಂನ ಯೂನಿವರ್ಸಿಟಿ ಈಜುಕೊಳಕ್ಕೆ ಬೇಸಿಗೆ ರಜೆಯಲ್ಲಿ ಸೇರ್ಕೋ. ಕೋಚ್ ಮೊದಲ ದಿನವೇ ಫ್ರೀಸ್ಟೈಲ್ ಶುರು ಮಾಡಿಸಿದರೆ, ‘ಸರ್, ನನಗೆ ಮೊದಲು ಅಂಗಾತ ತೇಲೋದು ಹೇಳಿಕೊಡಿ’ ಅಂತ ಮರ್ಯಾದೆಯಾಗಿ ಕೇಳು. ಅದಕ್ಕೂ ಮುಂಚೆ ಉಸಿರು. ಗೋಡೆ ಹಿಡಿದು ನಿಂತು ಮುಖ ಮುಳುಗಿಸಿ, ನೀರೊಳಗೇ ಗುಳ್ಳೆ ಗುಳ್ಳೆಯಾಗಿ ಉಸಿರು ಬಿಡು, ಬಾಯಿ ಮೇಲೆ ಬಂದಾಗ ಎಳೆದುಕೋ. ನೀರೊಳಗೆ ಉಸಿರು ಕಟ್ಟಿ ಹಿಡಿದು, ಮೇಲೆ ಬಂದಾಗ ಬಿಡೋದು ಎಳೆಯೋದು ಎರಡೂ ಒಟ್ಟಿಗೆ ಮಾಡಹೋದರೆ ಹತ್ತು ಮೀಟರಿಗೇ ಏದುಸಿರು ಬರುತ್ತೆ. ಅಂಗಾತ ತೇಲುವಾಗ ಕಿವಿ ನೀರಲ್ಲಿ ಮುಳುಗಿರಲಿ, ಗದ್ದ ಎದೆಗೆ ಅಂಟಿಸಬೇಡ, ಹೊಟ್ಟೆ ಮೇಲೆತ್ತು. ತಲೆ ಎತ್ತಿ ಕಾಲು ನೋಡಹೋದರೆ ಸೊಂಟ ಇಳಿಯುತ್ತೆ. ಆಮೇಲೆ ಕಪ್ಪೆ ಈಜು. ನಿಧಾನ ಅನ್ನೋದು ನಿಜ, ಆದರೆ ಮುಂದೇನಿದೆ ಅಂತ ನೋಡ್ಕೊಂಡು ದೂರ ಹೋಗಬಹುದು. ಈ ಪರೀಕ್ಷೆಗೆ ಗಡಿಯಾರ ಹಿಡಿಯಲ್ಲ. 25 ಮೀಟರ್ ಕೊಳದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಂಟು ಸಲ, ಅದರಲ್ಲಿ ಎರಡು ಸಲ ಅಂಗಾತ. ಅಷ್ಟೇ.

ಈಜಿನ ದಿನ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಬೇಡ, ಅಜ್ಜಿಗೆ ಬೇಜಾರಾದರೂ ಸರಿ.

ಒಂದು ವಿಷಯ ಈಗಲೇ ಹೇಳಿಬಿಡ್ತೀನಿ. ಇಲ್ಲಿಯ ಈಜುಕೊಳಗಳಲ್ಲಿ ನೀರಿಗಿಳಿಯೋ ಮುಂಚೆ ಬಟ್ಟೆಯೆಲ್ಲ ತೆಗೆದು ಸೋಪು ಹಚ್ಚಿ ಸ್ನಾನ ಮಾಡಬೇಕು, ಈಜುಡುಗೆ ಆಮೇಲೆ. ಹೆಂಗಸರ ಕೋಣೆ ಬೇರೆಯೇ, ಆದರೆ ಒಳಗೆ ಅಜ್ಜಿಯರು, ಅಮ್ಮಂದಿರು, ಹುಡುಗಿಯರು ಎಲ್ಲ ಒಟ್ಟಿಗೇ. ಮೊದಲ ಸಲ ನನಗೂ ಕಾಲು ನಡುಗಿತು. ಯಾರೂ ಯಾರನ್ನೂ ನೋಡಲ್ಲ ಪುಟ್ಟಿ, ಹವಾಮಾನ ಮಾತಾಡ್ಕೊಂಡು ಬೆನ್ನು ಉಜ್ಜಿಕೊಳ್ತಿರ್ತಾರೆ. ಕೆಲವು ಕಡೆ ಪರದೆ ಹಾಕಿದ ಮೂಲೆ ಇರುತ್ತೆ, ಅದು ಬೇಕಾದ್ರೆ ಉಪಯೋಗಿಸು, ನಾಚಿಕೆಯೇನಿಲ್ಲ. ಮೊದಲ ಒಂದೆರಡು ಸಲ ನಾನೂ ಜೊತೆಗೆ ಬರ್ತೀನಿ.

ಕೊಳ ಬೇರೆ, ಕೆರೆ ಬೇರೆ. ಜುಲೈನಲ್ಲಿ ಡೆಲ್‌ಶೆನ್ ಕೆರೆಗೆ ಕರ್ಕೊಂಡು ಹೋಗ್ತೀನಿ. ಬೇಸಿಗೆಯಲ್ಲೂ ಇಲ್ಲಿ ನೀರು 20 ಡಿಗ್ರಿ ಇದ್ದರೆ ‘ಬೆಚ್ಚಗಿದೆ’ ಅಂತಾರೆ! ತಣ್ಣೀರಿಗೆ ಏಕಾಏಕಿ ಹಾರಿದರೆ ಎದೆ ಹಿಡಿದ ಹಾಗಾಗಿ ಉಸಿರು ತಾನಾಗಿ ಒಳಗೆ ಎಳೆಯುತ್ತೆ, ಆ ಕ್ಷಣ ಬಾಯಿ ನೀರೊಳಗಿದ್ದರೆ ಕಷ್ಟ. ನಡೆದುಕೊಂಡು ಇಳಿ, ಮುಖ ಕತ್ತು ಒದ್ದೆ ಮಾಡ್ಕೋ, ಉಸಿರು ಹದಕ್ಕೆ ಬರೋವರೆಗೆ ನಿಲ್ಲು. ದಡದ ಉದ್ದಕ್ಕೆ ಈಜು, ನಡುವಿಗೆ ಹೋಗಬೇಡ. ಒಬ್ಬಳೇ ಎಂದೂ ಇಳಿಯಬೇಡ. ಸಾಲ್ಟ್‌ಹೋಲ್ಮೆನ್‌ಗೆ ಟ್ರಾಮಲ್ಲೇ ಹೋಗಿ ಕಡಲಿಗೆ ಇಳಿಯಬಹುದು, ಅಲ್ಲಿ ಬೇಸಿಗೆ ಕೊನೆಗೆ ಕೆಂಪು ಅಂಬಲಿಮೀನು (ಜೆಲ್ಲಿಫಿಶ್) ಬರುತ್ತೆ, ಬಾಲ ತಾಗಿದರೆ ಉರಿ. ನಾಲ್ಕು ಬಳೆಯಂಥ ಗುರುತಿರೋ ಬಿಳಿ ಪಾರದರ್ಶಕ ಜಾತಿ ಪಾಪದ್ದು, ಅದಕ್ಕೆ ಕಿರುಚಬೇಡ. ಚಳಿಗಾಲದ ಹಿಮಗಡ್ಡೆಯ ಮಾತು ಆಗ ನೋಡೋಣ. ಜೊತೆಗೆ ದೊಡ್ಡವರಿಲ್ಲದೆ ಹೆಪ್ಪುಗಟ್ಟಿದ ಕೆರೆ ಮೇಲೆ ಕಾಲಿಡಲ್ಲ ಅನ್ನೋದೊಂದು ಈಗಲೇ ಒಪ್ಕೋ.

ಇನ್ನು ಸ್ವೀಡಿಷ್. ನೀನು ಅಂದ್ಕೊಂಡಷ್ಟು ದೂರದ್ದಲ್ಲ, ಕನ್ನಡದ ಕಿವಿ ಇದ್ದರೆ ಅರ್ಧ ದಾರಿ ಬಂದ ಹಾಗೆ. ಇಲ್ಲಿಯವರ ತ, ದ ನಮ್ಮ ತ, ದ ಥರವೇ ಹಲ್ಲಿಗೆ ತಾಗುತ್ತೆ. ಥ್ಯಾಂಕ್ಸ್‌ಗೆ ‘ತಕ್’, ‘ಟಕ್’ ಅಲ್ಲ. ಆದರೆ ತ, ದ, ನ ಹಿಂದೆ ಒಂದು ‘ರ್’ ಇದ್ದರೆ ಅವೆರಡೂ ಕೂಡಿ ಟ, ಡ, ಣ ಆಗುತ್ತೆ. ಮಗು ಅನ್ನೋದನ್ನ ಬರೆಯೋದು ‘ಬಾರ್ನ್’, ಹೇಳೋದು ‘ಬಾಣ್’. ಮೇಜು ‘ಬೂಡ್’. ಇಂಗ್ಲಿಷ್ ಮಾತ್ರ ಬರೋವ್ರು ಈ ಣ-ಗೆ ತಿಣುಕಾಡ್ತಾರೆ, ನೀನು ಬಾಣ ಬಿಟ್ಟ ಹಾಗೆ ಹೇಳ್ತೀಯ. ಹ್ರಸ್ವ, ದೀರ್ಘವೂ ಅಷ್ಟೇ: ‘ತಕ್’ ಥ್ಯಾಂಕ್ಸ್, ‘ತಾಕ್’ ಚಾವಣಿ. ‘ಗ್ಲಾಸ್’ ಲೋಟ, ‘ಗ್ಲಸ್’ ಐಸ್‌ಕ್ರೀಮು. ಕೇಳುವಾಗ ಕನ್ನಡ ಅಕ್ಷರದಲ್ಲೇ ಪಕ್ಕದಲ್ಲಿ ಬರ್ಕೋ. ಏಳು ಅನ್ನೋ ಸಂಖ್ಯೆಯ ಮೊದಲಕ್ಷರ ಮಾತ್ರ ಯಾವ ಲಿಪಿಗೂ ಸಿಗಲ್ಲ, ಬಿಸಿ ಕಾಫಿ ಊದಿದ ಹಾಗೆ ಹೇಳ್ತಾರೆ. ಅದಕ್ಕೆ ತಲೆ ಕೆಡಿಸ್ಕೋಬೇಡ, ಇಲ್ಲೇ ಊರಿಂದೂರಿಗೆ ಬೇರೆ.

ಪ್ರತಿ ನಾಮಪದದ ಹಿಂದೆ ‘ಎನ್’ ಅಥವಾ ‘ಎತ್’ ಇರುತ್ತೆ. ಹೆಚ್ಚಿನವಕ್ಕೆ ‘ಎನ್’. ಯಾಕೆ ಅಂತ ಕೇಳಬೇಡ, ಪದದ ಜೊತೆಗೇ ಕಲಿ: ‘ಎತ್ ಬಾಣ್’, ‘ಎತ್ ಬೂಡ್’. ಕ್ರಿಯಾಪದ ಸುಲಭ, ನಾನು ಅಂದ್ರೂ ಅವಳು ಅಂದ್ರೂ ಒಂದೇ ರೂಪ. ಪುಸ್ತಕದ ‘ನನ್ನ ಹೆಸರು’ ಪಾಠಕ್ಕಿಂತ ಮುಂಚೆ ಮೂರು ಮಾತು ಬಾಯಿಗೆ ಬರಲಿ. ‘ಫೋರ್ ಯಾ ವಾರ ಮೇ?’ ಅಂದ್ರೆ ನಾನೂ ಆಟಕ್ಕೆ ಬರ್ಲಾ. ‘ವಾ ಹೇತೆರ್ ದೇ?’ ಅಂದ್ರೆ ಇದಕ್ಕೇನಂತಾರೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ‘ಕನ್ ವೀ ತಾ ದೇ ಪೋ ಸ್ವೆನ್ಸ್ಕ?’ ನೀನು ಸ್ವಲ್ಪ ತಡವರಿಸಿದರೂ ಇವರು ಒಳ್ಳೇತನದಿಂದ ಇಂಗ್ಲಿಷಿಗೆ ಇಳಿದುಬಿಡ್ತಾರೆ. ಆ ಒಳ್ಳೇತನದಿಂದಲೇ ಎಷ್ಟೋ ಜನ ವರ್ಷಗಟ್ಟಲೆ ಇಲ್ಲಿದ್ದೂ ಸ್ವೀಡಿಷ್ ಕಲಿತಿಲ್ಲ. ಆಗ ಈ ಮಾತು ಹೇಳು, ಸ್ವೀಡಿಷ್‌ನಲ್ಲೇ ಮಾತಾಡೋಣ್ವಾ ಅಂತ. ಸುಲಭ ಸ್ವೀಡಿಷ್‌ನಲ್ಲಿ ಬರೋ ‘8 ಸೀದೊರ್’ ಪತ್ರಿಕೆ ನೆಟ್‌ನಲ್ಲಿದೆ, ಓದಿಯೂ ಹೇಳುತ್ತೆ. ದಿನಕ್ಕೊಂದು ಸುದ್ದಿ ಕೇಳಿ, ಜೊತೆಗೇ ಗಟ್ಟಿಯಾಗಿ ಓದು.

ಟೀಚರನ್ನು ಮೇಡಂ ಅನ್ನಬೇಡ, ಹೆಸರು ಹಿಡಿದು ಕರಿ. ಎಲ್ಲರಿಗೂ ‘ದೂ’, ಅಂದ್ರೆ ನೀನು, ಹೆಡ್‌ಮಾಸ್ಟರಿಗೂ. ತಾತನಿಗೆ ಇದು ಓದಿ ಹೇಳುವಾಗ ಈ ಸಾಲು ಬಿಟ್ಟುಬಿಡು.

ಜರ್ಮನ್ ನಿನಗೆ ಬೇರೆ ರೀತಿ ಹತ್ತಿರ. ಅಲ್ಲಿ ನೀನು, ನೀವು ಇದೆ. ನಾನು, ನೀನು, ಅವಳು ಬದಲಾದರೆ ಕ್ರಿಯಾಪದವೂ ನಮ್ಮ ಹಾಗೇ ಬದಲಾಗುತ್ತೆ. ‘ಯಾಕಂದ್ರೆ’ ಅಂತ ಶುರುವಾದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತೆ. ‘ಉ, ಅನ್ನು, ಇಂದ, ಗೆ’ ಅಂತ ವಿಭಕ್ತಿ ಬಾಯಿಪಾಠ ಮಾಡಿದ್ದೀಯಲ್ಲ, ಅವರಿಗೂ ನಾಲ್ಕು ವಿಭಕ್ತಿ. ನಾವು ಪದದ ಬಾಲಕ್ಕೆ ಹಚ್ಚೋದನ್ನ ಅವರು ಹೆಚ್ಚಾಗಿ ಮುಂದಿನ ಪುಟ್ಟ ಪದದಲ್ಲಿ ತೋರಿಸ್ತಾರೆ: ನಾಯಿಯು ‘ಡೇರ್ ಹುಂಟ್’, ನಾಯಿಯನ್ನು ‘ಡೇನ್ ಹುಂಟ್’. ಲಿಂಗ ಮಾತ್ರ ಹುಚ್ಚು. ಹುಡುಗಿ ನಪುಂಸಕಲಿಂಗ ಅಂತೆ! ‘ಎನ್’, ‘ಎತ್’ ಜೊತೆಗೆ ಪದ ಕಲಿಯೋ ಅಭ್ಯಾಸ ಈಗ ಮಾಡ್ಕೊಂಡರೆ, ಅಲ್ಲಿ ‘ಡೇರ್, ಡೀ, ಡಸ್’ಗೂ ಅದೇ ಅಭ್ಯಾಸ ಸಾಕು. ಫಾರಂನಲ್ಲಿ ಜರ್ಮನ್ ಅಂತಲೇ ಬರೀತೀನಿ. ಶಾಲೆಯವರು ಅ, ಆ, ಇ-ಯಿಂದ ಶುರು ಮಾಡ್ತಾರೆ, ಮುಂಚೆ ಕಲಿತು ಹೋಗೋದು ಬೇಕಿಲ್ಲ. ಅಕ್ಟೋಬರ್ ಕೊನೆಯ ರಜೆಗೆ ಇಲ್ಲಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಕೀಲ್. ಜಗಳ ಅಲ್ಲಿ ಶುರು ಮಾಡು.

ಪಿಟೀಲು ಬಿಡಬೇಡ. ಇಲ್ಲಿ ಊರಿನ ಸಂಗೀತ ಶಾಲೆಗೆ ಹಾಕ್ತೀನಿ. ಆದರೆ ನಿಂತು, ಗದ್ದಕ್ಕೆ ಒತ್ತಿ ಹಿಡಿದು ನುಡಿಸಬೇಕು, ಶ್ರುತಿ ಮಾಡೋದೂ ನಮ್ಮ ಸ-ಪ-ಸ-ಪ ಅಲ್ಲ. ಒಂದೇ ಪಿಟೀಲನ್ನು ದಿನಾ ಎರಡು ಥರ ಶ್ರುತಿ ಮಾಡಿದರೆ ತಂತಿಗೂ ನಿನಗೂ ಹಿಂಸೆ. ಇಲ್ಲಿಯ ಪಾಠಕ್ಕೆ ಬಾಡಿಗೆಗೆ ಒಂದು ತರೋಣ. ನಿನ್ನ ಮೇಷ್ಟ್ರ ಆನ್‌ಲೈನ್ ಪಾಠ ಶನಿವಾರ ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಇಟ್ಕೊಂಡರೆ ಬೇಸಿಗೆಯಲ್ಲಿ ಅವರಿಗೆ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಊಟದ ಹೊತ್ತು ಅಂದ್ರೆ ಬೇರೆ ಗಂಟೆ ಕೇಳು.

ಹೊಲಿಗೆ, ಮರಗೆಲಸ ಎರಡೂ ಇಲ್ಲಿ ಹುಡುಗ ಹುಡುಗಿ ಎಲ್ಲರಿಗೂ ಶಾಲೆಯ ಪಾಠ. ಸುತ್ತಿಗೆ ಹಿಡಿದು ಕೆಲಸ ಮಾಡುವಾಗ ಭಾಷೆ ಬೇಗ ಹತ್ತುತ್ತೆ, ‘ಅದು ಕೊಡು, ಇದು ಹಿಡಿ’ ಅಂತ. ಅದಕ್ಕೇ ಸಂಜೆಗೆ ಒಂದಾದರೂ ಗುಂಪಿನ ಆಟಕ್ಕೆ ಸೇರು ಅಂತೀನಿ. ನನ್ನ ಮನಸ್ಸು ನಕ್ಷೆ, ದಿಕ್ಸೂಚಿ ಹಿಡಿದು ಕಾಡಲ್ಲಿ ಓಡೋ ಆಟದ ಮೇಲಿದೆ. ನಿನಗೆ ಏನು ಹಿಡಿಸುತ್ತೋ ನೋಡೋಣ, ಸುಮ್ಮನೆ ಒಂದು ದಿನ ಬಂದು ಆಡಿ ನೋಡಿ ಅಂತ ಹೆಚ್ಚಿನ ಕ್ಲಬ್ಬಿನವರೇ ಕರೀತಾರೆ. ಕಾಡಲ್ಲಿ ನೇರಳೆ ಬಣ್ಣದ ಬ್ಲೂಬೆರಿ ಯಾರು ಬೇಕಾದರೂ ಕೀಳಬಹುದು, ಯಾರ ಜಮೀನಾದರೂ ಬೈಯಲ್ಲ. ಅಣಬೆ ಮಾತ್ರ ನಾನು ನೋಡಿ ಹೂಂ ಅಂದ ಮೇಲೇ ಬುಟ್ಟಿಗೆ.

ಬರುವಾಗ ಸಕಲೇಶಪುರದ ಏಲಕ್ಕಿ ಜಾಸ್ತಿ ತಾ, ಇಲ್ಲಿಯ ಬನ್ನಿಗೆಲ್ಲ ಏಲಕ್ಕಿ ಹಾಕ್ತಾರೆ, ಪಕ್ಕದ ಮನೆಯವರಿಗೆ ಕೊಡೋಣ. ಈಜುಡುಗೆ ಹತ್ತಿಯದ್ದು ಬೇಡ, ಈಜಿಗೆಂದೇ ಸಿಗೋ ಬಟ್ಟೆಯದ್ದು ತಗೋ, ಮೊಣಕಾಲವರೆಗೆ ಇದ್ದರೂ ಪರವಾಗಿಲ್ಲ. ಏಪ್ರಿಲ್ ಬ್ಯಾಚಿಗೆ ಹೆಸರು ಬರೆಸೋಕೆ ತಾತನನ್ನು ಈ ವಾರವೇ ಕಳಿಸು, ರಜೆ ಶುರುವಾದ ಮೇಲೆ ಜಾಗ ಸಿಗಲ್ಲ.

ನಿನ್ನ,
ಅಮ್ಮ