ಅನ್ನ ಬಿಟ್ಟು ನಾಲ್ಕು ಚಪಾತಿ ತಿಂದರೆ ಶುಗರ್ ಇಳಿಯುತ್ತದಾ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಶುಗರ್ ಇದ್ದವರ ಊಟದ ಪಟ್ಟಿ ಬಂದಿತ್ತು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಚಪಾತಿ, ರಾತ್ರಿ ಮತ್ತೆ ಚಪಾತಿ. ಎರಡು ವರ್ಷದ ಹಿಂದೆ ಇಲ್ಲಿ ಅಂಕೋಲಾದಲ್ಲಿ ಒಂದು ತಪಾಸಣಾ ಶಿಬಿರದಲ್ಲಿ ನನ್ನ ಕೈಗೆ ಕೊಟ್ಟ ಚೀಟಿಯಲ್ಲೂ ಇದೇ ಇತ್ತು. ಮೀನಿನ ಹೆಸರಿಲ್ಲ, ಬಸಳೆ ಇಲ್ಲ, ಕುಚ್ಚಲಕ್ಕಿ ಗಂಜಿ ಎಷ್ಟು ಕುಡಿಯಬಹುದು ಅಂತಲೂ ಇಲ್ಲ. ಇದನ್ನು ಬರೆಯುವವರು ಘಟ್ಟ ಇಳಿದು ಬಂದು ನಮ್ಮ ಕಡೆ ಒಂದು ಹೊತ್ತು ಉಂಡಿದ್ದಾರಾ ಅಂತ ನನಗೆ ಡೌಟು.

ನಾನು ಟೈಲರ್, ವಯಸ್ಸು 52, ದಿನವಿಡೀ ಮಷಿನ್ ಮುಂದೆ ಕೂತಿರುವವಳು. ಚೀಟಿ ನಂಬಿ ಅನ್ನ ಬಿಟ್ಟು ಮಧ್ಯಾಹ್ನ ನಾಲ್ಕು ಚಪಾತಿ ತಿನ್ನತೊಡಗಿದೆ. ತಿಂಗಳಾದರೂ ಊಟವಾಗಿ ಎರಡು ತಾಸಿಗೆ ನೋಡಿದರೆ 230ರ ಆಸುಪಾಸೇ. ಮಗ ಕೂತು ಲೆಕ್ಕ ಹೇಳಿದ. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್, ಒಂದು ಚಪಾತಿಯಲ್ಲಿ 15ರಿಂದ 20. ನಾಲ್ಕು ಚಪಾತಿಗೆ ಎಷ್ಟಾಯ್ತು, ನೀವೇ ಕೂಡಿಸಿ ನೋಡಿ. ಗೋಧಿಯಲ್ಲಿ ನಾರು ಸ್ವಲ್ಪ ಜಾಸ್ತಿ, ಒಪ್ಪಿದೆ. ಆದರೆ ಅನ್ನವಾಗಲಿ ಚಪಾತಿಯಾಗಲಿ, ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಅಲ್ವಾ?

ಆಮೇಲೆ ಚಪಾತಿ ಬಿಟ್ಟು ನಮ್ಮ ಊಟಕ್ಕೇ ವಾಪಸ್ ಬಂದೆ, ಪ್ರಮಾಣ ಮಾತ್ರ ಬದಲಾಯಿತು. ಅನ್ನ ಒಂದು ಸೌಟು, ಅಷ್ಟೇ. ಉಳಿದದ್ದೆಲ್ಲ ಬಸಳೆ, ಹೀರೇಕಾಯಿ, ಮೊಗೆಕಾಯಿ, ಹಾಲಕ್ಕಿ ಹೆಂಗಸರು ಪೇಟೆಗೆ ತರುವ ಸೊಪ್ಪು, ಜೊತೆಗೆ ಎರಡು ಬಂಗಡೆ. ಮೀನಿಗೆ ರವೆ ಹಚ್ಚಿ ಹುರಿಯುವುದನ್ನು ನಿಲ್ಲಿಸಿದೆ, ಬರೀ ಮಸಾಲೆ ಸಾಕು. ಅತ್ತೆಗೆ ಇದು ಸರಿ ಬರಲಿಲ್ಲ. "ಅನ್ನ ಉಣ್ಣದೆ ಬರೇ ಮೀನು ತಿಂದ್ರೆ ಅದನ್ನ ಊಟ ಅಂತಾರಾ?" ಅಂತ ಇವತ್ತಿಗೂ ಕೇಳುತ್ತಾರೆ. ಜೂನ್, ಜುಲೈಯಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ, ಸಿಕ್ಕ ಮೀನಿಗೆ ಕೈ ಸುಡುವ ರೇಟು, ಒಣಮೀನು ತಿನ್ನೋಣ ಅಂದರೆ ಅದರ ಉಪ್ಪು ನನ್ನ ಬಿಪಿಗೆ ಆಗದು, ಹಾಗಾಗಿ ಮಳೆಗಾಲವಿಡೀ ಮೊಟ್ಟೆಯೇ ಗತಿ. ಮೀನು ಮುಟ್ಟದ ನನ್ನ ಶಿರಸಿ ಗೆಳತಿ ತಂಬುಳಿ, ಪಲ್ಯ, ಮಜ್ಜಿಗೆಯಲ್ಲೇ ಸುಧಾರಿಸುತ್ತಾಳೆ. ಜೋನಿ ಬೆಲ್ಲ ಬಿಡುವುದೇ ಅವಳಿಗೆ ಕಷ್ಟವಾದದ್ದು. ನನ್ನ ಕಷ್ಟ ಕರಿ ಈಶಾಡು ಮಾವಿನದ್ದು. ಆ ಸೀಸನ್ನಿನಲ್ಲಿ ಅರ್ಧ ಹಣ್ಣು ತಿಂದೇ ತಿನ್ನುತ್ತೇನೆ, ಆ ಹೊತ್ತು ಅನ್ನ ಇಲ್ಲ.

ಇಷ್ಟರ ನಡುವೆ ಒಂದು ದೊಡ್ಡ ತಪ್ಪು ಮಾಡಿದೆ. ಅದಕ್ಕೇ ಈ ಪತ್ರ. ಅನ್ನ ಕಮ್ಮಿ ಮಾಡಿದ್ದನ್ನು ಡಾಕ್ಟರಿಗೆ ಹೇಳಲೇ ಇಲ್ಲ, ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದೆ. ಒಂದು ದಿನ ಮಧ್ಯಾಹ್ನ ಹನ್ನೆರಡೂವರೆಗೆ ಬ್ಲೌಸ್ ಪೀಸ್ ಕತ್ತರಿಸುತ್ತಿದ್ದೆ. ಮೈಯೆಲ್ಲ ಬೆವರು, ಕೈ ನಡುಕ, ಚಾಕ್‌ನಲ್ಲಿ ಎಳೆದ ಗೆರೆ ಎರಡೆರಡಾಗಿ ಕಾಣತೊಡಗಿತು. ಕತ್ತರಿ ಗೆರೆ ಬಿಟ್ಟು ಕಂಕುಳಿನ ಹತ್ತಿರ ಒಳಗೆ ಹೋಯಿತು. ಮೀಟರಿನಲ್ಲಿ ನೋಡಿದರೆ 58. 70ಕ್ಕಿಂತ ಕೆಳಗಿಳಿದರೇ ಅಪಾಯ. ಚಹಾದ ಡಬ್ಬಿಯಿಂದ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದೆ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ 90 ದಾಟಿತ್ತು. ಆ ಬಟ್ಟೆಯ ದುಡ್ಡು ನಾನೇ ಕೊಟ್ಟೆ.

ಡಾಕ್ಟರು ಚೆನ್ನಾಗಿ ಬೈದು ಮಾತ್ರೆ ಅರ್ಧಕ್ಕೆ ಇಳಿಸಿದರು. ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ಆಗ 8.9 ಇದ್ದದ್ದು ಈಗ 6.8ಕ್ಕೆ ಬಂದಿದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ತಗೊಳ್ಳುವವರು ಅನ್ನ, ರೊಟ್ಟಿ ಎಲ್ಲ ಪೂರ್ತಿ ಬಿಟ್ಟರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಆಸ್ಪತ್ರೆ ಸೇರುವ ಅಪಾಯ ಇದೆ ಅಂತಲೂ ಅವರೇ ಹೇಳಿದರು. ಇನ್ಸುಲಿನ್ ಚುಚ್ಚಿಕೊಳ್ಳುವವರಂತೂ ಕೇಳದೆ ಏನೂ ಬದಲಾಯಿಸಬಾರದು. ವಾಟ್ಸಾಪಿನಲ್ಲಿ "ಹದಿನೈದೇ ದಿನದಲ್ಲಿ ಶುಗರ್ ಮಾಯ" ಅಂತ ಕಳಿಸುವವರು ಇದೊಂದನ್ನೂ ಹೇಳುವುದಿಲ್ಲ.

ನಿಮ್ಮ ಪಟ್ಟಿಯಲ್ಲೂ ಈ ಮಾತು ಇರಲಿಲ್ಲ. ಮುಂದಿನ ಸಲ ಹಾಕುವಾಗ ಊಟ ಬದಲಿಸುವ ಮೊದಲು ಮಾತ್ರೆ ವಿಷಯ ಡಾಕ್ಟರಿಗೆ ಕೇಳಿ ಅಂತ ಮೇಲಿನ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ. ಅದರ ಕೆಳಗೆ ಬಂಗಡೆ, ಬಸಳೆಗೂ ಸ್ವಲ್ಪ ಜಾಗ ಇರಲಿ.

— ಒಬ್ಬ ಓದುಗಳು, ಅಂಕೋಲಾ