ಚೆಕ್ ಬೌನ್ಸ್: ಶಿಕ್ಷೆಯ ನಂತರದ ರಾಜಿಗೂ ತಿಳಿವಳಿಕೆ ಬೇಕು

ಮಾನ್ಯ ಸಂಪಾದಕರೇ,

ಚೆಕ್ ಬೌನ್ಸ್ ಪ್ರಕರಣದಲ್ಲಿ ಶಿಕ್ಷೆಯಾದ ಮೇಲೆ ಸಾಲ ಕೊಟ್ಟವರೂ ಪಡೆದವರೂ ಹಿರಿಯರ ಮುಂದೆ ಕುಳಿತು ಲೆಕ್ಕ ಚುಕ್ತಾ ಮಾಡಿಕೊಳ್ಳುವುದುಂಟು. ಆದರೆ ಆ ರಾಜಿ ನ್ಯಾಯಾಲಯದ ದಾಖಲೆಗೆ ಬಾರದಿದ್ದರೆ, ಹಣ ಪೂರ್ತಿ ಕೊಟ್ಟವರೂ ಜೈಲಿಗೆ ಹೋಗಬೇಕಾದೀತು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದ ನಾನು ಇಂಥ ಸಂಕಟವನ್ನು ಹತ್ತಿರದಿಂದ ಕಂಡವನು. ಎರಡು ಲಕ್ಷ ರೂಪಾಯಿ ಕೈಸಾಲದ ಪ್ರಕರಣದಲ್ಲಿ ಶಿಕ್ಷೆಗೊಳಗಾದ ಗೂಡ್ಸ್ ಆಟೊ ಚಾಲಕರೊಬ್ಬರು, ಸೆಷನ್ಸ್ ನ್ಯಾಯಾಲಯದಲ್ಲಿ ಮೇಲ್ಮನವಿ ಬಾಕಿಯಿರುವಾಗಲೇ ಆಟೊ ಮಾರಿ ಸಾಲ ತೀರಿಸಿ, ಛಾಪಾ ಕಾಗದದ ಮೇಲೆ ರಸೀದಿ ಬರೆಸಿಕೊಂಡರು. ಕೇಸು ಮುಗಿಯಿತೆಂದು ಇಬ್ಬರೂ ವಾಯಿದೆಗೆ ಹೋಗುವುದನ್ನೇ ಬಿಟ್ಟರು. ಮೇಲ್ಮನವಿ ವಜಾ ಆಗಿ ಶಿಕ್ಷೆ ಕಾಯಂ ಆಯಿತು. ವಾರಂಟ್ ಹಿಡಿದು ಬಂದ ಪೊಲೀಸರಿಗೆ ಚಾಲಕರ ಪತ್ನಿ ಆ ಛಾಪಾ ಕಾಗದವನ್ನೇ ಮತ್ತೆ ಮತ್ತೆ ತೋರಿಸಿದರಂತೆ.

ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲದೆ ಇಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 147ನೇ ಕಲಂ ಪ್ರಕಾರ ಈ ಅಪರಾಧವನ್ನು ರಾಜಿ ಮಾಡಿಕೊಳ್ಳಬಹುದು. ಮೇಲ್ಮನವಿಯ ಹಂತದಲ್ಲೂ ಉಭಯತ್ರರು ಸಹಿ ಮಾಡಿದ ಜಂಟಿ ಮೆಮೊ (ರಾಜಿಯಾಗಿದೆ ಎಂಬ ಲಿಖಿತ ಹೇಳಿಕೆ) ಸಲ್ಲಿಸಿ ನ್ಯಾಯಾಲಯ ಅದನ್ನು ಅಂಗೀಕರಿಸಿದರೆ ಶಿಕ್ಷೆ ರದ್ದಾಗುತ್ತದೆ. ತಡವಾಗಿ ರಾಜಿಗೆ ಬಂದ ಆರೋಪಿ ಕಾನೂನು ಸೇವಾ ಪ್ರಾಧಿಕಾರಕ್ಕೆ ವೆಚ್ಚ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ ದಾಮೋದರ ಪ್ರಭು ಪ್ರಕರಣದಲ್ಲಿ 2010ರಲ್ಲಿ ಹೇಳಿತ್ತು. ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟ್ ಹಂತದಲ್ಲಿ ಚೆಕ್ಕಿನ ಮೊತ್ತದ ಶೇ 15ರಷ್ಟಿದ್ದ ಈ ವೆಚ್ಚವನ್ನು, ಸಂಜಬಿಜ್ ತಾರಿ ಪ್ರಕರಣದ 2025ರ ಸೆಪ್ಟೆಂಬರ್ ತೀರ್ಪು ಶೇ 7.5ಕ್ಕೆ ಇಳಿಸಿದೆ. ಎರಡು ಲಕ್ಷದ ಚೆಕ್ಕಿಗೆ 30,000 ರೂಪಾಯಿ ಇದ್ದದ್ದು ಈಗ 15,000. ಆಟೊ ಮಾರಿ ಸಾಲ ತೀರಿಸುವ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಜಂಟಿ ಮೆಮೊದಲ್ಲಿ ಎಷ್ಟು ಹಣ ಸಂದಾಯವಾಯಿತು, ಯಾವ ದಿನ, ಬ್ಯಾಂಕ್ ಮೂಲಕವೋ ನಗದೋ ಎಂಬುದಲ್ಲದೆ, ಮೇಲ್ಮನವಿಯ ವೇಳೆ 148ನೇ ಕಲಂ ಅಡಿಯಲ್ಲಿ ಶಿಕ್ಷೆಗೊಳಗಾದವರು ನ್ಯಾಯಾಲಯದಲ್ಲಿಟ್ಟ ಠೇವಣಿ ಯಾರಿಗೆ ಸೇರಬೇಕು ಎಂಬುದನ್ನೂ ಬರೆಯಬೇಕು. ದಂಡ ಅಥವಾ ಪರಿಹಾರದ ಮೊತ್ತದ ಕನಿಷ್ಠ ಶೇ 20ರಷ್ಟು ಕಟ್ಟಿಸಿಕೊಳ್ಳಲು ಅವಕಾಶವಿರುವ ಈ ಠೇವಣಿಯ ಮಾತನ್ನು ಮೆಮೊದಲ್ಲಿ ಬಿಟ್ಟರೆ, ರಾಜಿಯಾದವರೇ ಮತ್ತೆ ಜಗಳಕ್ಕೆ ನಿಲ್ಲುತ್ತಾರೆ.

ರಾಜಿಯೆಂದರೆ ಸಾಲ ಕೊಟ್ಟವರ ಮೇಲೆ ಒತ್ತಡ ಹೇರುವುದಲ್ಲ. ಅವರ ಒಪ್ಪಿಗೆಯಿಲ್ಲದೆ ರಾಜಿ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿರುವುದು ಸರಿಯಾಗಿಯೇ ಇದೆ. ವರ್ಷಗಟ್ಟಲೆ ಅಲೆದು, ವಕೀಲರ ಫೀಸು ತೆತ್ತು ತೀರ್ಪು ಪಡೆದವರಿಗೆ ಅಸಲಿನಲ್ಲೂ ಕಡಿತ ಮಾಡಿಕೊಳ್ಳಿ ಎನ್ನುವ ಪಂಚಾಯಿತಿಯನ್ನು ನಾನು ಒಪ್ಪಲಾರೆ. ಆದರೆ ಹಣ ಪೂರ್ತಿ ಕೈಸೇರಿದ ಮೇಲೆ ಮೆಮೊಗೆ ಸಹಿ ಹಾಕಲು ಒಂದು ದಿನ ನ್ಯಾಯಾಲಯಕ್ಕೆ ಬರುವುದು ಅವರ ಹೊಣೆ.

ಆರಂಭದಲ್ಲೇ ರಾಜಿಯಾಗಬಹುದೆಂಬ ಸೂಚನೆ ಸಮನ್ಸಿನಲ್ಲೇ ಇರಬೇಕೆಂದು 2010ರ ತೀರ್ಪು ಹೇಳಿದೆ. ಅದೇ ರೀತಿ, ಶಿಕ್ಷೆಯ ತೀರ್ಪಿನ ಪ್ರತಿಯೊಂದಿಗೆ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಪತ್ರ ಕೊಡುವ ಏರ್ಪಾಡಾಗಬೇಕು. ಮೇಲ್ಮನವಿಯಲ್ಲಿ ರಾಜಿಗೆ ಅವಕಾಶವಿದೆ, ವೆಚ್ಚ ಇಷ್ಟು, ಹೊರಗಿನ ರಸೀದಿಯಿಂದ ಶಿಕ್ಷೆ ರದ್ದಾಗದು ಎಂಬಷ್ಟು ಅದರಲ್ಲಿದ್ದರೆ ಸಾಕು. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇದನ್ನು ಸಿದ್ಧಪಡಿಸಿ, ತಾಲ್ಲೂಕು ಸಮಿತಿಗಳ ಮೂಲಕ ಎಲ್ಲ ನ್ಯಾಯಾಲಯಗಳಿಗೆ ತಲುಪಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿರಸ್ತೇದಾರ, ತುಮಕೂರು